ಅಣ್ಣನ ಪಾಳಿ ಮುಗಿಯದ ಮಧ್ಯಾಹ್ನ

ಎಂಟು ವರ್ಷದ ಹಿಂದಿನ ಶ್ರಾವಣ, ಮೂರನೆಯ ಶನಿವಾರ, ಮಧ್ಯಾಹ್ನ ಒಂದು ಗಂಟೆ ನಲವತ್ತೈದು ನಿಮಿಷ. ನಾನು ನಮ್ಮೂರ ಅಜ್ಜನ ಮಠದೊಳಗೆ, ಗದ್ದಿಗೆಗೆ ಮುಖ ಮಾಡಿದರೆ ಬಲಕ್ಕೆ ಬರುವ ಎರಡನೆಯ ಕಂಬದ ಬದಿಯಲ್ಲಿ ನಿಂತಿದ್ದೆ. ಬೆನ್ನು ಕಂಬಕ್ಕೆ ತಾಗಿತ್ತು. ವೀಣೆ ಹೊತ್ತವನು ನಿಲ್ಲುವ ಹಾಸುಗಲ್ಲಿಗೂ ನನಗೂ ನಡುವೆ ನಾಲ್ಕು ಅಡಿ. ಗಡಿಯಾರ ಎದುರಿನ ಗೋಡೆಯ ಮೇಲಿತ್ತು. ಅದು ಎರಡು ನಿಮಿಷ ಮುಂದಿರುತ್ತಿತ್ತು. ಆ ಎರಡು ನಿಮಿಷ ಕಳೆದೇ ಈ ಹೊತ್ತನ್ನು ಬರೆದಿದ್ದೇನೆ.

ಇಷ್ಟು ಅಳೆದು ಬರೆಯಲು ಕಾರಣವಿದೆ. ಹೋದ ತಿಂಗಳು ಹಿರೇಬೆಂಡಿಗೇರಿಯಲ್ಲಿ ಒಂದು ಪ್ರವಚನಕ್ಕೆ ಹೋಗಿದ್ದೆ. ಹೇಳುವವರು, ನಾವು ಅಜ್ಜ ಎಂದು ಕರೆಯುವ ನಮ್ಮ ಮಠದ ಸಂತರ ಜೀವನ ಹೇಳುತ್ತಾ, ಅಜ್ಜ ತೀರಿಕೊಂಡು ಗದ್ದಿಗೆಯಾಗಿ ಎಷ್ಟೋ ವರ್ಷದ ಮೇಲೂ ಒಂದು ಪವಾಡ ನಡೆಯಿತು ಎಂದರು. ವೀಣೆ ಹೊತ್ತ ಭಕ್ತ ಮೂರ್ಛೆ ಹೋದಾಗ ವೀಣೆ ತಾನಾಗಿ ಗಾಳಿಯಲ್ಲಿ ನಿಂತಿತಂತೆ. ಅದನ್ನು ಕಂಡು, ಹನ್ನೊಂದು ವರ್ಷ ಮಾತು ಬಿಟ್ಟಿದ್ದ ತಮ್ಮ ಓಡಿ ಬಂದು ಅಣ್ಣನ ಕಾಲಿಗೆ ಬಿದ್ದನಂತೆ. ಜನ ಕೈ ಮುಗಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಎದ್ದು ನಿಲ್ಲಬೇಕೆನಿಸಿತು, ನಿಲ್ಲಲಿಲ್ಲ.

ವೀಣೆ ಗಾಳಿಯಲ್ಲಿ ನಿಲ್ಲಲಿಲ್ಲ. ಅದು ನನ್ನ ಕೈಯಲ್ಲಿತ್ತು.

ನಮ್ಮೂರು ಸವಣೂರು ತಾಲೂಕಿನದು, ಯಲವಿಗಿ ಸ್ಟೇಷನ್ನಿನಿಂದ ಮೂರು ಮೈಲಿ. ಅಜ್ಜ ಹಾನಗಲ್ಲಿನ ಕಡೆಯಿಂದ ನಡೆದು ಬಂದವರು ಎಂಬುದಷ್ಟೇ ಗೊತ್ತು. ಯಾರ ಮಗ, ಯಾವ ಮನೆತನ ಎಂದು ಕೇಳಿದವರಿಗೆ ಅವರು ಉತ್ತರ ಕೊಡಲಿಲ್ಲ. ಹೆಗಲ ಮೇಲೆ ನಾಲ್ಕು ತಂತಿಯ ತಂಬೂರಿ ಇತ್ತು, ನಾವು ಅದನ್ನೇ ವೀಣೆ ಎನ್ನುತ್ತೇವೆ. ಅವರು ತೀರಿಕೊಂಡಾಗ ನನಗೆ ಏಳು ವರ್ಷ. ನನ್ನದೆಂದು ಹೇಳಬಹುದಾದ ನೆನಪು ಒಂದೇ ಇದೆ. ಸಗಣಿ ಬಳಿದು ಕೈ ತೊಳೆಯದೆ ಅವರ ಮುಂದೆ ಹೋಗಿದ್ದೆ. ಎರಡೂ ಕೈ ಹಿಡಿದುಕೊಂಡರು. ನಾನು ಎಳೆದುಕೊಂಡರೂ ಬಿಡಲಿಲ್ಲ, ನನ್ನ ಮುಖ ನೋಡುತ್ತಲೇ ಇದ್ದರು. ಅವರ ಅಂಗೈ ರೈತರ ಅಂಗೈಯಂತೆ ಗಡುಸಾಗಿತ್ತು.

ಯಾರೂ ಕಾಲು ಮುಟ್ಟುವಂತಿರಲಿಲ್ಲ. ಮುಟ್ಟಲು ಬಗ್ಗಿದರೆ ಅವರೂ ನೆಲಕ್ಕೆ ಕುಳಿತುಬಿಡುತ್ತಿದ್ದರಂತೆ. "ಕಾಲ ಮುಟ್ಟಿದ್ರ ನನ್ನ ಮಾರಿ ನಿನಗ ಕಾಣಂಗಿಲ್ಲ. ಕೈ ಹಿಡಿ, ಕಾಣ್ತೈತಿ" ಎನ್ನುತ್ತಿದ್ದರು. ಒಬ್ಬ ಉಪದೇಶ ಬೇಡಿ ಬಂದಾಗ, "ಊರಾಗ ನಿನಗ ಆಗದವರು ಯಾರದಾರ?" ಎಂದು ಕೇಳಿದರಂತೆ. ಅವನು ಒಂದು ಹೆಸರು ಹೇಳಿದ. "ಅವನ ಮನ್ಯಾಗ ಒಂದ ಹೊತ್ತ ಉಂಡ ಬಾ, ಆಮ್ಯಾಲೆ ಉಪದೇಶ" ಎಂದರು. ಅವನು ಆರು ವರ್ಷ ಈ ಕಡೆ ಸುಳಿಯಲಿಲ್ಲ. ಏಳನೆಯ ವರ್ಷ ಬಂದು ನಿಂತಾಗ ಅಜ್ಜ ಕೇಳಿದ್ದು, "ಏನ ಉಂಡಿ?" ಎಂದು. "ರೊಟ್ಟಿ, ಪುಂಡಿಪಲ್ಯ" ಎಂದ. "ಆತಲ್ಲ. ಇನ್ನ್ಯಾವ ಉಪದೇಶ" ಎಂದರಂತೆ. ಇದನ್ನು ನನ್ನ ಅಪ್ಪ ಹೇಳಿದ್ದು. ಅಪ್ಪ ಎದುರಿಗಿದ್ದನೋ, ಅವನೂ ಕೇಳಿದ್ದೋ, ನನಗೆ ತಿಳಿಯದು.

ಶ್ರಾವಣದ ಸಪ್ತಾಹ ಅವರೇ ಹಾಕಿಕೊಟ್ಟದ್ದು. ಏಳು ದಿನ ಭಜನೆ ನಿಲ್ಲಬಾರದು, ವೀಣೆ ನೆಲ ಮುಟ್ಟಬಾರದು. ಒಬ್ಬೊಬ್ಬರಿಗೆ ಎರಡು ತಾಸಿನ ಪಾಳಿ. ವೀಣೆಗೆ ಕಟ್ಟಿದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಅದರ ಸೋರೆಬುರುಡೆಯನ್ನು ಸೊಂಟಕ್ಕೆ ಆನಿಸಿ, ನಿಂತೇ ಮೀಟಬೇಕು. ಪಾಳಿ ಇಳಿಯುವತನಕ ಏನೂ ತಿನ್ನುವಂತಿಲ್ಲ. ಕೊಡುವಾಗ ಮುಂದಿನವನು ಹಿಂದಿನವನ ಬಲಗೈ ಹಿಡಿದು, ಮುಖ ನೋಡಿ, "ಕೊಡಪಾ" ಎನ್ನಬೇಕು. ಹಿಂದಿನವನು "ತಗೋಪಾ" ಎನ್ನಬೇಕು. ಆಮೇಲೆಯೇ ವೀಣೆ ಕೈ ಬದಲಿಸುವುದು. ಯಾರ ಹಿಂದೆ ಯಾರು ಎಂಬುದನ್ನು ಆರಿಸಿಕೊಳ್ಳುವಂತಿಲ್ಲ. ಹೆಸರಿನ ಚೀಟಿಗಳನ್ನು ಗಡಿಗೆಯಲ್ಲಿ ಹಾಕಿ ಒಂದೊಂದಾಗಿ ತೆಗೆದು ಬರೆಯಬೇಕು. ಬೇಡಾದವರ ಕೈಯನ್ನೂ ಹಿಡಿಯಬೇಕಾಗಿ ಬರಲಿ ಎಂದೇ ಅಜ್ಜ ಹೀಗೆ ಮಾಡಿದ್ದು.

ಪಾಳಿಯ ಪಟ್ಟಿಯಲ್ಲಿ ಹೆಸರಿದ್ದವನು ಊರಲ್ಲಿಲ್ಲದಿದ್ದರೆ, ಇಲ್ಲವೇ ಹಾಸಿಗೆ ಹಿಡಿದಿದ್ದರೆ, ಪಟ್ಟಿ ಬರೆದವನು ಅವನ ಹೆಸರು ಹೊಡೆದು ಮುಂದಿನವನನ್ನು ಕರೆಯಬಹುದು. ಬೇರೆ ಯಾವ ಕಾರಣಕ್ಕೂ ಹೊಡೆಯುವಂತಿಲ್ಲ.

ಆ ಅಣ್ಣತಮ್ಮಂದಿರು ಇಬ್ಬರೂ ನನಗಿಂತ ದೊಡ್ಡವರು. ಆದರೂ ಅಣ್ಣ, ತಮ್ಮ ಎಂದೇ ಬರೆಯುತ್ತೇನೆ. ಅಣ್ಣನಿಗೆ ಆಗ ಅರವತ್ತಾರು, ಹತ್ತಿ ಮತ್ತು ಗೋವಿನಜೋಳದ ಹೊಲ. ತಮ್ಮನಿಗೆ ಅರವತ್ತೋ ಅರವತ್ತೊಂದೋ, ವೀಳ್ಯದೆಲೆಯ ತೋಟ. ಅವರ ತಾಯಿ ಅಣ್ಣನ ಮನೆಯಲ್ಲಿ ಸತ್ತಳು. ತಮ್ಮ ಆ ದಿನ ಹಂಸಭಾವಿಯಲ್ಲಿ, ಹೆಂಡತಿಯ ತವರಿನ ಮದುವೆಯಲ್ಲಿದ್ದ. ಸುದ್ದಿ ಮುಟ್ಟಿಸಲು ಒಬ್ಬ ಮನುಷ್ಯನನ್ನು ಬಸ್ಸಿಗೆ ಹತ್ತಿಸಿ ಕಳಿಸಿದೆ ಎಂದು ಅಣ್ಣ ಹೇಳಿದ. ಯಾರೂ ಬರಲಿಲ್ಲ ಎಂದು ತಮ್ಮ ಹೇಳಿದ. ಮರುದಿನ ಸಂಜೆ ಅವನು ಊರಿಗೆ ಬಂದಾಗ ಮಣ್ಣು ಕೊಟ್ಟಾಗಿತ್ತು. ತಾಯಿಯ ಮುಖ ಸಿಗಲಿಲ್ಲ. ಹೋದನೆನ್ನಲಾದ ಆ ಮನುಷ್ಯ ಕುಡುಕ. ಒಮ್ಮೆ ಹೋಗಿದ್ದೆ ಎನ್ನುತ್ತಿದ್ದ, ಒಮ್ಮೆ ನಡುದಾರಿಯಲ್ಲೇ ಇಳಿದೆ ಎನ್ನುತ್ತಿದ್ದ. ಅದೇ ವರ್ಷ ಅವನೂ ಸತ್ತ. ಅಲ್ಲಿಂದ ಹನ್ನೊಂದು ವರ್ಷ ಅಣ್ಣತಮ್ಮಂದಿರು ಮಾತಾಡಲಿಲ್ಲ.

ಆ ಹನ್ನೊಂದು ವರ್ಷ ಪಾಳಿಯ ಪಟ್ಟಿ ಬರೆಯುತ್ತಿದ್ದ ಹಿರಿಯರು ಒಂದು ಸಣ್ಣ ಮೋಸ ಮಾಡುತ್ತಿದ್ದರು. ಇವರಿಬ್ಬರ ಚೀಟಿ ಒಂದರ ಹಿಂದೆ ಒಂದು ಬಂದರೆ ಎರಡನೆಯದನ್ನು ಸುಮ್ಮನೆ ಗಡಿಗೆಗೆ ಮರಳಿ ಹಾಕುವುದು. ಊರಿಗೆಲ್ಲ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಆ ಹಿರಿಯರು ತೀರಿಕೊಂಡ ಮೇಲೆ, ಶಾಲೆ ಕಲಿಸಿದವನೆಂದು ಆ ಕೆಲಸ ನನಗೆ ಬಂತು. ಅದು ನನ್ನ ಮೊದಲ ವರ್ಷ. ಸೋಮವಾರ ಚೀಟಿ ಎತ್ತಿದೆ. ಅಣ್ಣನ ಹೆಸರು ಬಂತು, ಶನಿವಾರ ಹತ್ತರಿಂದ ಹನ್ನೆರಡು. ಮುಂದಿನ ಚೀಟಿ ತಮ್ಮನದು. ಕೋಣೆಯಲ್ಲಿ ನಾನು ಮತ್ತು ಪೂಜಾರಿ ಇಬ್ಬರೇ. ಪೂಜಾರಿಗೆ ಓದು ಬರುತ್ತಿರಲಿಲ್ಲ. ಮರಳಿ ಹಾಕಬಹುದಿತ್ತು, ಹಾಕಲಿಲ್ಲ. ಅಜ್ಜನೇ ಮಾಡಿಸುತ್ತಿದ್ದಾನೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಏನಾಗುತ್ತದೆ ನೋಡೋಣ ಎಂಬ ಆಸೆಯೂ ಅದರಲ್ಲಿ ಇತ್ತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅಣ್ಣನಿಗೆ ಸಕ್ಕರೆ ಕಾಯಿಲೆ ಇತ್ತು. ಅದು ನನಗೆ ಗೊತ್ತಿತ್ತು. ಎರಡು ತಾಸಿನ ಮಾತಲ್ಲವೇ ಎಂದುಕೊಂಡಿದ್ದೆ.

ಶನಿವಾರ ಹತ್ತಕ್ಕೆ ಅಣ್ಣ ವೀಣೆ ತೆಗೆದುಕೊಂಡ. ಹನ್ನೆರಡಾಯಿತು. ತಮ್ಮ ಬಂದಿದ್ದ, ಆದರೆ ಮಠದೊಳಗೆ ಬರಲಿಲ್ಲ. ರಸ್ತೆಯಾಚೆ ಚಹದಂಗಡಿಯ ಮರದ ಬಾಕಿನ ತುದಿಯಲ್ಲಿ ಕುಳಿತಿದ್ದ. ಅಲ್ಲಿಂದ ನೋಡಿದರೆ ಬಾಗಿಲು, ಬಾಗಿಲೊಳಗೆ ಹಾಸುಗಲ್ಲು, ಅದರ ಮೇಲೆ ನಿಂತವನು, ಎಲ್ಲ ನೇರವಾಗಿ ಕಾಣುತ್ತದೆ. ಹನ್ನೆರಡೂ ಹತ್ತಕ್ಕೆ ನಾನು ಅಲ್ಲಿಗೆ ಹೋದೆ.

"ಪಾಳಿ ನಿಮ್ಮದೈತ್ರಿ" ಎಂದೆ.

"ಗೊತ್ತೈತಿ ಮಾಸ್ತರ. ಪಟ್ಟಿ ಬರದಾವರು ನೀವ ಅಲ್ಲೇನ್ರಿ?"

"ಹೌದ್ರಿ."

"ಚಲೋ ಬರದೀರಿ. ಅಕ್ಷರ ಭಾಳ ದುಂಡಗ ಅದಾವು."

ಅವನು ಚಹದ ಬಟ್ಟಲು ತಿರುಗಿಸುತ್ತಾ ಹೇಳಿದ, "ನಾ ಬರಂಗಿಲ್ಲ ಅಂದಿಲ್ಲ. ಅವ ಒಂದ ಮಾತ ಹೇಳಲಿ. ಅವ್ವ ಸತ್ತಾಗ ಮನಶ್ಯಾನ್ನ ಕಳಿಸಿದ್ದಿಲ್ಲ ಅಂತ. ಅಷ್ಟ ಹೇಳಲಿ, ಕೈ ಹಿಡೀತೇನಿ, ವೀಣಿನೂ ಹೊರ್ತೇನಿ."

ಒಳಗೆ ಬಂದು ಅಣ್ಣನ ಕಿವಿಯ ಹತ್ತಿರ ಅದನ್ನು ಹೇಳಿದೆ. ಅವನು ಮೀಟುವುದನ್ನು ನಿಲ್ಲಿಸಲಿಲ್ಲ.

"ಕಳಿಸೀನಿ ಮಾಸ್ತರ. ವೀಣಿ ಹೊತಗೊಂಡ ನಿಂತ ಸುಳ್ಳ ಹೇಳಲೇನ?"

"ಹಂಗಂದ್ರ ಹೆಸರ ಹೊಡೀತೇನ್ರಿ. ಮುಂದಿನವರಿಗೆ ಕೊಟ್ಟ ಬಿಡ್ರಿ."

"ಅವ ಊರಾಗಿಲ್ಲೇನು?"

"ಅದಾರ್ರಿ."

"ಹಾಸಿಗಿ ಹಿಡದಾನೇನು?"

"ಇಲ್ರಿ."

"ಹಂಗಾರ ಹೊಡೀಬ್ಯಾಡ್ರಿ. ಬರ್ತಾನ. ಎಲ್ಲಿಗೆ ಹೊಕ್ಕಾನ?"

ಭಜನೆಯವರು ಹಾಡು ಬಿಡದೆ ನಮ್ಮನ್ನೇ ನೋಡುತ್ತಿದ್ದರು. ತಾಳ ಹಾಕುವವನು ಒಂದು ಸೊಲ್ಲಿಗೂ ಇನ್ನೊಂದಕ್ಕೂ ನಡುವೆ, "ಇವರಿಬ್ಬರ ಕಾಲಾಗ ನಮ್ಮ ಗಂಟಲ ಹರದ ಹೊಂಟಾವು" ಎಂದ. ಹಾರ್ಮೋನಿಯಂನವನು ನಕ್ಕ. ಆಗ ಇನ್ನೂ ನಗು ಬರುತ್ತಿತ್ತು.

ಒಂದು ಗಂಟೆಗೆ ಅಣ್ಣನ ಹೆಂಡತಿ ಬುತ್ತಿ ತಂದಳು. ಪಾಳಿ ಮುಗಿದಿರುತ್ತದೆ, ಕಟ್ಟೆಯ ಮೇಲೆ ಕುಳಿತು ಉಣ್ಣುತ್ತಾರೆ ಎಂದು ಬಂದವಳು. ಗಂಡ ಇನ್ನೂ ನಿಂತಿರುವುದನ್ನು ಕಂಡು ಬುತ್ತಿ ಕೆಳಗಿಡದೆ ನನ್ನ ಕಡೆಗೆ ತಿರುಗಿದಳು.

"ಮಾಸ್ತರ, ಮುಂಜೇಲೆ ಗುಳಗಿ ನುಂಗ್ಯಾರ್ರಿ. ಏನೂ ತಿಂದಿಲ್ಲ. ಡಾಕ್ಟರ ಹಂಗ ಮಾಡಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಯಾರ."

"ಅಣ್ಣಾರ, ಒಂದ ತುತ್ತ ನಿಂತ ಉಣ್ರಿ" ಎಂದೆ.

"ವೀಣಿ ಇಳದ ಮ್ಯಾಲೆ."

"ನಾ ಬಾಯಾಗ ಇಡ್ತೇನ್ರಿ. ಕೈ ಬಿಡೂದ ಬ್ಯಾಡ" ಎಂದಳು ಹೆಂಡತಿ.

ಅವನು ತಲೆ ಅಲ್ಲಾಡಿಸಿದ. ಅವಳು ಬಾಗಿಲತನಕ ಹೋಗಿ ಚಹದಂಗಡಿಯ ಕಡೆ ನೋಡುತ್ತಾ ನಿಂತಳು. ರಸ್ತೆ ದಾಟಲಿಲ್ಲ. ಮೈದುನನಿಗೂ ಅವಳಿಗೂ ಅಷ್ಟೇ ವರ್ಷದಿಂದ ಮಾತಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಗೋಡೆಗೆ ಒರಗಿ ಕುಳಿತಳು. ಬುತ್ತಿಯ ಗಂಟು ಬಿಚ್ಚಲಿಲ್ಲ.

ಆಗ ನಾನು ಒಂದು ಮಾತು ಹೇಳಬಹುದಿತ್ತು. ಚೀಟಿ ಎತ್ತುವಾಗ ತಪ್ಪಾಗಿದೆ, ಈ ಪಟ್ಟಿ ನಡೆಯುವುದಿಲ್ಲ, ಯಾರಾದರೂ ತೆಗೆದುಕೊಳ್ಳಿ, ಎಂದು. ಪಟ್ಟಿ ಬರೆದವನು ಹಾಗೆ ಹೇಳಿದ್ದರೆ ಅಣ್ಣ ಕೇಳುತ್ತಿದ್ದನೇನೋ. ನಾನು ಹೇಳಲಿಲ್ಲ. ಹೇಳಿದರೆ, ಎಂಥ ತಪ್ಪು, ಯಾವಾಗ ಆಯಿತು ಎಂದು ಕೇಳುತ್ತಿದ್ದರು. ಪಟ್ಟಿ ಗೋಡೆಯ ಮೇಲೆ, ನನ್ನ ಅಕ್ಷರದಲ್ಲಿ, ಎಲ್ಲರಿಗೂ ಕಾಣುವಂತೆ ಅಂಟಿಕೊಂಡಿತ್ತು.

ಒಂದೂವರೆಗೆ ಮತ್ತೆ ರಸ್ತೆ ದಾಟಿದೆ. ಅಂಗಡಿಯ ಮುದುಕಿ ತಮ್ಮನಿಗೆ ಹೇಳುತ್ತಿದ್ದಳು, "ನೀ ಕುಂತ ನನ್ನ ಬಾಕ ಸವದ ಹೊಂಟೈತಿ. ಒಳಗ ಹೋಗ್ತೀಯೋ, ಇನ್ನೊಂದ ಚಾ ಹಾಕಲ್ಯೋ?"

"ಹಾಕಬೇ" ಎಂದ ತಮ್ಮ. ಹಿಂದಿನ ಚಹ ಕುಡಿಯದೆ ಹಾಗೇ ಆರಿತ್ತು. ನನ್ನನ್ನು ನೋಡದೆಯೇ ಕೇಳಿದ, "ಉಂಡಾನೇನು?"

"ಇಲ್ರಿ."

"ಗುಳಗಿ?"

"ಮುಂಜೇಲೆ ತಗೊಂಡಾರಂತ."

ಅವನು ಮಠದ ಬಾಗಿಲ ಕಡೆಗೆ ನೋಡಿದ. "ಹೋಗ್ರಿ ಮಾಸ್ತರ, ನೆಳ್ಳಿಗೆ ನಿಂದ್ರ ಹೋಗ್ರಿ" ಎಂದ. ನಾನು ಬಂದು ಎರಡನೆಯ ಕಂಬದ ಬದಿಗೆ ನಿಂತೆ. ಆಮೇಲೆ ಅಲ್ಲಿಂದ ಕದಲಲಿಲ್ಲ.

ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ. ಅಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಶ್ರಾವಣದ ತಂಪು ಗಾಳಿ ಬಾಗಿಲಿಂದ ಬರುತ್ತಿದ್ದರೂ ಅವನ ಹಣೆಯಿಂದ ಬೆವರು ಹನಿಹನಿಯಾಗಿ ಬುರುಡೆಯ ಮೇಲೆ ಬೀಳುತ್ತಿತ್ತು. ಅವನು ನಾಲ್ಕು ತಂತಿಯನ್ನು ಒಂದರ ಹಿಂದೆ ಒಂದು ಮೀಟುತ್ತಿದ್ದ. ಮೊದಲು ಮೂರನೆಯದು ತಪ್ಪಿತು. ಆಮೇಲೆ ಒಂದೇ ತಂತಿಯನ್ನು ಮೂರು ಸಲ ಮೀಟಿದ. ಕೈ ನಡುಗುತ್ತಿತ್ತು. ಇದೆಲ್ಲ ನನಗೆ ಕಂಡಿತ್ತು. ದಣಿವೆಂದುಕೊಂಡೆ. ಅವನು ನನ್ನ ಕಡೆ ತಿರುಗಿ ಏನೋ ಹೇಳಿದ. ಅದು ಮಾತಾಗಿ ಬರಲಿಲ್ಲ.

ಆಮೇಲೆ ವೀಣೆಯ ದಂಡಿ ಎಡಕ್ಕೆ ವಾಲಿತು.

ಮೂವರು ಓಡಿದೆವು. ಹಾರ್ಮೋನಿಯಂನವನು ಬುರುಡೆಯ ಕೆಳಗೆ ಕೈ ಕೊಟ್ಟ. ಪೂಜಾರಿ ದಂಡಿ ಹಿಡಿದ. ನಾನು ಕೊರಳ ಪಟ್ಟಿ ಹಿಡಿದೆ. ಪಟ್ಟಿಯನ್ನು ತಲೆಯ ಮೇಲಿಂದ ತೆಗೆಯಲು ಎರಡು ಕೈಯೂ ಬೇಕು. ನಾನು ಎರಡು ಕೈಯಿಂದ ತೆಗೆದೆ. ತೆಗೆಯುವಾಗ ಅವನ ಕಿವಿ ನನ್ನ ಬೆರಳಿಗೆ ತಾಗಿತು, ತಣ್ಣಗಿತ್ತು. ವೀಣೆ ನಮ್ಮ ಕೈಗೆ ಬಂತು. ನೆಲ ಮುಟ್ಟಲಿಲ್ಲ. ಆರು ಕೈಗಳೂ ವೀಣೆಯ ಮೇಲಿದ್ದವು. ಮನುಷ್ಯನನ್ನು ನಾವು ಮೂವರೂ ಬಿಟ್ಟಿದ್ದೆವು.

ಅವನು ಹಿಂದಕ್ಕೆ ಬಿದ್ದ. ಹಿಂದೆ ಕಲ್ಲಿನ ಮೆಟ್ಟಿಲಿದೆ. ತಲೆ ಮೆಟ್ಟಿಲಿಗೆ ಬಡಿಯಲಿಲ್ಲ, ಏಕೆಂದರೆ ತಮ್ಮ ಅಲ್ಲಿದ್ದ. ಎರಡೂ ತೋಳು ಅಣ್ಣನ ಕಂಕುಳಲ್ಲಿ ಹಾಕಿ, ಎದೆಗೆ ಅವುಚಿಕೊಂಡು, ತಾನೂ ಜೊತೆಗೆ ಕುಸಿದು ಕುಳಿತ. ಕಾಲಲ್ಲಿ ಚಪ್ಪಲಿ ಇದ್ದವು. ಚಪ್ಪಲಿ ಹಾಕಿಕೊಂಡು ಆ ಮಠದೊಳಗೆ ಬಂದವರನ್ನು ನಾನು ಅದಕ್ಕೆ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ.

"ಸಕ್ಕರಿ ತರ್ರಿ" ಎಂದ. ಯಾರೂ ಅಲುಗಲಿಲ್ಲ. "ಸಕ್ಕರಿ ಕಮ್ಮಿ ಆಗೈತಿ ಅವಗ. ಬೆವರ ನೋಡ್ರಿ. ಅವ್ವಗೂ ಹಿಂಗ ಆಗ್ತಿತ್ತು, ನನಗೂ ಹಿಂಗ ಆಗ್ತೈತಿ. ತರ್ರಿ ಲಗೂನ."

ಅಂಗಡಿಯ ಮುದುಕಿ ಸಕ್ಕರೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದೇಬಿಟ್ಟಿದ್ದಳು. ತಮ್ಮ ಎದ್ದುಹೋಗುವಾಗಲೇ ಅವಳಿಗೆ ತರಲು ಹೇಳಿದ್ದನಂತೆ. ಅವನು ಬೆರಳು ಒದ್ದೆ ಮಾಡಿಕೊಂಡು ಸಕ್ಕರೆಯಲ್ಲಿ ಅದ್ದಿ ಅಣ್ಣನ ಗಲ್ಲದೊಳಗೆ, ವಸಡಿಗೆ ತಿಕ್ಕಿದ. ಮತ್ತೆ ಅದ್ದಿದ, ಮತ್ತೆ ತಿಕ್ಕಿದ. ಅಣ್ಣನ ಕಣ್ಣು ಅರ್ಧ ತೆರೆದಿದ್ದವು, ಬರೀ ಬಿಳಿಗುಡ್ಡೆ ಕಾಣುತ್ತಿತ್ತು. ಹೆಂಡತಿ ಕಾಲ ಬಳಿ ಕುಳಿತು ಅಂಗಾಲು ತಿಕ್ಕುತ್ತಿದ್ದಳು. ತಾಳ ನಿಂತಿರಲಿಲ್ಲ. ತಾಳದವನು ಅಳುತ್ತಾ ತಾಳ ಹಾಕುತ್ತಿದ್ದ, ಒಬ್ಬನೇ ಹಾಡುತ್ತಿದ್ದ. ನಾನು ವೀಣೆಯನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದೆ. ಮೀಟುತ್ತಿದ್ದೆನೇ ಎಂದು ಕೇಳಿದರೆ ನೆನಪಿಲ್ಲ.

ಗಡಿಯಾರ ನೋಡುತ್ತಿದ್ದೆ. ಆರು ನಿಮಿಷ ಹಾಗೇ ಹೋಯಿತು. ಸಾಯುತ್ತಾನೆ ಎಂದು ನಾನು ನಂಬಿದ್ದೆ. ಏಳನೆಯ ನಿಮಿಷಕ್ಕೆ ಅಣ್ಣ ನುಂಗಿದ. ಕಣ್ಣಗುಡ್ಡೆ ಕೆಳಗೆ ಬಂತು. ತನ್ನನ್ನು ಹಿಡಿದವನ ಮುಖ ಮೇಲೆ, ತಲೆಕೆಳಗಾಗಿ ಕಂಡಿರಬೇಕು.

"ವೀಣಿ?" ಎಂದ.

"ಅದನ್ನ ಹಿಡ್ಯಾಕ ಊರೆಲ್ಲಾ ಐತಿ. ನೀ ಬಾಯಿ ತಗಿ" ಎಂದ ತಮ್ಮ.

ಹನ್ನೊಂದು ವರ್ಷದ ಮೇಲೆ ಇಬ್ಬರ ನಡುವೆ ಆದ ಮಾತು ಇಷ್ಟೇ. ಆಮೇಲೆ ಚಹ ಕುಡಿಸಿದರು. ಸಾಮಾನು ಸಾಗಿಸುವ ಆಟೋದಲ್ಲಿ ಮಲಗಿಸಿಕೊಂಡು ಸವಣೂರಿಗೆ ಹೋದರು. ಹೆಂಡತಿ ಮುಂದೆ ಕುಳಿತಳು, ತಮ್ಮ ಹಿಂದೆ. ದವಾಖಾನೆಯಲ್ಲಿ ಗ್ಲೂಕೋಸ್ ಬಾಟಲಿ ಹಚ್ಚಿ ಮರುದಿನ ಕಳಿಸಿದರು.

ಸಪ್ತಾಹ ಮುಗಿದ ಮೇಲೆ ನಾನು ಚಹದಂಗಡಿಯ ಬಾಕಿನಿಂದ ಹಾಸುಗಲ್ಲಿನವರೆಗೆ ನಡೆದು ನೋಡಿದೆ. ನನ್ನ ಹೆಜ್ಜೆಯಲ್ಲಿ ನಲವತ್ತೊಂದು, ಮೂರು ಮೆಟ್ಟಿಲು ಬೇರೆ. ದಂಡಿ ವಾಲಿದ್ದಕ್ಕೂ ಅಣ್ಣ ಬಿದ್ದದ್ದಕ್ಕೂ ನಡುವೆ, ನಾನು ಕೊರಳ ಪಟ್ಟಿ ತೆಗೆದಷ್ಟೇ ಹೊತ್ತು. ಅಷ್ಟರಲ್ಲಿ ಆ ವಯಸ್ಸಿನವನು, ಓಡಿದರೂ, ರಸ್ತೆ ದಾಟಿ ಬರಲಾರ. ಅಂದರೆ ವೀಣೆ ವಾಲುವ ಮೊದಲೇ ಅವನು ಎದ್ದಿದ್ದ. ನಾಲ್ಕಡಿ ದೂರದಲ್ಲಿದ್ದ ನನಗೆ ದಣಿವೆಂದು ಕಂಡದ್ದು ಅವನಿಗೆ ರಸ್ತೆಯಾಚೆಯಿಂದ ಏನೆಂದು ತಿಳಿದಿತ್ತು. ಪವಾಡ ಕಂಡು ಬಂದನೆನ್ನುವವರು ಈ ಹೆಜ್ಜೆಗಳನ್ನು ಎಣಿಸಲಿ. ಅವನು ಬರುವಾಗ ಕಾಣುವಂಥದ್ದು ಇನ್ನೂ ಏನೂ ನಡೆದಿರಲಿಲ್ಲ. ಅಣ್ಣನ ಕಾಲಿಗೂ ಅವನು ಬೀಳಲಿಲ್ಲ. ಅಣ್ಣ ಬಿದ್ದ, ಅವನು ಹಿಡಿದ.

ಪ್ರವಚನದಲ್ಲಿ ಹೇಳುವಂತೆ ಅವರು ಆಮೇಲೆ ಒಂದಾಗಿ ಬಾಳಲಿಲ್ಲ. ಬೇಕಾದ ಮಾತು ಆಡುತ್ತಿದ್ದರು. ಮನುಷ್ಯನನ್ನು ಕಳಿಸಿದ್ದನೋ ಇಲ್ಲವೋ ಎಂಬುದು ಕೊನೆಯವರೆಗೂ ಹಾಗೇ ಉಳಿಯಿತು. ತಮ್ಮ ನಂಬಿದ್ದೇನೆ ಎನ್ನಲಿಲ್ಲ, ಅಣ್ಣ ಒಪ್ಪಿಕೊಳ್ಳಲಿಲ್ಲ. ತಿಂಗಳಿಗೊಮ್ಮೆ ಇಬ್ಬರೂ ಒಂದೇ ಬಸ್ಸಿನಲ್ಲಿ ಶಿಗ್ಗಾಂವಿಗೆ ಹೋಗಿ ರಕ್ತ ತೋರಿಸಿಕೊಂಡು ಬರುತ್ತಿದ್ದರು. ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ, ತಮ್ಮ ಈಚೆ. ಅಣ್ಣ ಐದು ವರ್ಷ ಬದುಕಿದ.

ಅಜ್ಜನ ಪ್ರೀತಿಯ ಬಗ್ಗೆ ಮಾತಾಡುವವರು ಬಹಳ ಜನ. ನಾನೂ ಶಾಲೆಯಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಆ ಮಧ್ಯಾಹ್ನ ಅಜ್ಜನ ಗದ್ದಿಗೆಯ ಮುಂದೆ ಅಜ್ಜನ ಭಕ್ತರು ಇಪ್ಪತ್ತು ಜನವಾದರೂ ಇದ್ದೆವು. ನನ್ನ ಕೈ ಎಲ್ಲಿಗೆ ಹೋಯಿತು ಎಂಬುದನ್ನು ನಾನು ಬರೆದಿದ್ದೇನೆ. ಮರುವರ್ಷ ಪಟ್ಟಿ ಬರೆಯುವ ಕೆಲಸ ಬಿಟ್ಟೆ. ಕಣ್ಣು ಮಂಜಾಗಿವೆ ಎಂದು ಹೇಳಿದೆ. ಅದು ಸುಳ್ಳು.

ಇದನ್ನು ಕಂಡವರಲ್ಲಿ ಅಣ್ಣ ಈಗ ಇಲ್ಲ, ಪೂಜಾರಿಯೂ ಇಲ್ಲ. ಬುರುಡೆ ಹಿಡಿದ ಹಾರ್ಮೋನಿಯಂನವನು ಹಾನಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾನೆ, ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ತಾಳದವನು ಊರಲ್ಲೇ ಇದ್ದಾನೆ. ಚಹದಂಗಡಿಯ ಮುದುಕಿ ಇದ್ದಾಳೆ, ಅಂಗಡಿ ಸೊಸೆ ನೋಡಿಕೊಳ್ಳುತ್ತಾಳೆ. ಅಣ್ಣನ ಹೆಂಡತಿ ಇದ್ದಾಳೆ. ತಮ್ಮನೂ ಇದ್ದಾನೆ, ಬೆಳಿಗ್ಗೆ ಎಲೆತೋಟಕ್ಕೆ ಹೋದರೆ ಸಿಗುತ್ತಾನೆ. ಹಿರೇಬೆಂಡಿಗೇರಿಯಿಂದ ಬಂದ ಮರುದಿನ ನಾನು ಅವನಲ್ಲಿಗೆ ಹೋಗಿ, ವೀಣೆ ಗಾಳಿಯಲ್ಲಿ ನಿಂತಿತ್ತೆಂದು ಹೇಳುತ್ತಿದ್ದಾರೆ, ನೀವು ಏನು ಕಂಡಿರಿ ಎಂದು ಕೇಳಿದೆ. "ವೀಣಿ ನಾ ನೋಡಿಲ್ರಿ ಮಾಸ್ತರ" ಎಂದ.